ಹುಬ್ಬಳ್ಳಿಯಿಂದ ಅರಮನೆ ಮೈದಾನಕ್ಕೆ: ಮೆಟಾಲಿಕಾ ಕೇಳಲು ಹೋದ ದಿನಗಳು

ಶುಕ್ರವಾರ, 28 ಅಕ್ಟೋಬರ್ 2011

ದೀಪಾವಳಿ ಮುಗಿದರೂ ನಮ್ಮ ಓಣಿಯಲ್ಲಿ ಪಟಾಕಿ ಸದ್ದು ನಿಂತಿರಲಿಲ್ಲ. ಅಮ್ಮ ಡಬ್ಬಿಗೆ ಕರ್ಜಿಕಾಯಿ, ಚಕ್ಕುಲಿ ತುಂಬುತ್ತಿದ್ದಳು. ನಾನು ಟಿಕೆಟ್ ಇಟ್ಟ ಪ್ಲಾಸ್ಟಿಕ್ ಕವರನ್ನು ಬ್ಯಾಗಿನಿಂದ ಹೊರಗೆ ತೆಗೆಯುವುದು, ನೋಡುವುದು, ಮತ್ತೆ ಒಳಗಿಡುವುದು, ಇದನ್ನೇ ಮಾಡುತ್ತಿದ್ದೆ. ಭಾನುವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ, ಜೋರು ಗಿಟಾರು, ಡ್ರಮ್ಮಿನ ಹೆವಿ ಮೆಟಲ್ ಸಂಗೀತದ ಅಮೆರಿಕನ್ ಬ್ಯಾಂಡ್. ಅವರು ಭಾರತಕ್ಕೆ ಬರುತ್ತಿರುವುದು ಇದೇ ಮೊದಲು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಒಂದು ಕ್ಯಾಸೆಟ್ ತಂದಿದ್ದ. ಪೂರ್ತಿ ಕಪ್ಪು ಕವರ್. ಬೆಳಕಿಗೆ ಹಿಡಿದರೆ ಮೂಲೆಯಲ್ಲಿ ಸುರುಳಿ ಸುತ್ತಿದ ಹಾವು ಕಾಣುತ್ತಿತ್ತು. 1991ರ ಆಲ್ಬಮ್ ಅದು. ಒಂದು ವಾರಕ್ಕೆಂದು ತೆಗೆದುಕೊಂಡ ಕ್ಯಾಸೆಟ್ಟನ್ನು ನಾನು ವಾಪಸ್ ಕೊಡಲೇ ಇಲ್ಲ. ಅವನೂ ಕೇಳಲಿಲ್ಲ. ಆಮೇಲೆ ಒಂಬತ್ತು ವರ್ಷ ಈ ಬ್ಯಾಂಡನ್ನು ನಾನು ಒಬ್ಬನೇ ಕೇಳಿದ್ದೇನೆ. ಹೆಡ್‌ಫೋನ್ ಹಾಕಿಕೊಂಡು, ಬಾಗಿಲು ಮುಂದೆ ಮಾಡಿಕೊಂಡು. ಕಾಲೇಜಿನಲ್ಲಿ ಇಂಥ ಸಂಗೀತ ಕೇಳುವ ಇನ್ನೊಬ್ಬ ನನಗೆ ಸಿಗಲಿಲ್ಲ. ನನ್ನ ಇಷ್ಟದ ಹಾಡನ್ನು ಇನ್ನೊಂದು ಬಾಯಿ ಹಾಡುವುದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಅಪ್ಪನಿಗೆ ಟಿಕೆಟ್ಟಿನ ಬೆಲೆ ಹೇಳುವಾಗ ನನಗೆ ಹೆದರಿಕೆಯಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎದುರಿಗೆ ಕುಂತು ಕೇಳೂದು ಬ್ಯಾರೆನ ಇರ್ತೈತಿ, ಹೋಗಿ ಬಾ" ಎಂದರು. ಅವರು ಹಾಗೆ ಹೇಳಲು ಕಾರಣವಿದೆ. ವಯಸ್ಸಿನಲ್ಲಿ ಅವರು ವರ್ಷ ವರ್ಷ ಕುಂದಗೋಳಕ್ಕೆ ಹೋಗುತ್ತಿದ್ದರು. ಅಲ್ಲಿ ನಾಡಗೀರರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಸಂಗೀತ. ಬೆಳಗಿನ ರಾಗ ಕೇಳಿ, ಕೆಂಪು ಕಣ್ಣು ಮಾಡಿಕೊಂಡು ಹುಬ್ಬಳ್ಳಿಗೆ ಬಂದು, ಸ್ನಾನ ಮಾಡಿ ಆಫೀಸಿಗೆ ಹೋಗುತ್ತಿದ್ದರಂತೆ. ಗಂಗೂಬಾಯಿ ಹಾನಗಲ್ಲರನ್ನು ಅಪ್ಪ ಎಷ್ಟು ಸಲ ಎದುರು ಕೂತು ಕೇಳಿದ್ದಾರೋ ಲೆಕ್ಕವಿಲ್ಲ. ನನ್ನ ಸಂಗೀತ ಅವರಿಗೆ ಅರ್ಥವಾಗುವುದಿಲ್ಲ. ಹೋಗಬೇಕು ಅನ್ನುವ ಆಸೆ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ. ಹುಬ್ಬಳ್ಳಿ ಬಿಟ್ಟು ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಕುಂದಗೋಳ ಸ್ಟೇಷನ್ ಹಾದು ಹೋಯಿತು. ಗಂಗೂಬಾಯಿ ಪಾಠಕ್ಕೆಂದು ಹುಬ್ಬಳ್ಳಿಯಿಂದ ಸವಾಯಿ ಗಂಧರ್ವರ ಮನೆಗೆ ಇದೇ ದಾರಿಯಲ್ಲಿ ರೈಲಿನಲ್ಲಿ ಓಡಾಡುತ್ತಿದ್ದರು. ಅವರಿಗೆ ಸಂಗೀತ ಒಂದೆರಡು ಸ್ಟೇಷನ್ನಿನ ದೂರ. ನನಗೆ ಒಂದು ರಾತ್ರಿಯ ದೂರ, ಅಷ್ಟೇ.

ಹಾವೇರಿ ಹತ್ತಿರ ಬರುವಾಗ ಫೋನ್ ಮಿಣುಕಿತು. ಬೆಂಗಳೂರಿನ ಗೆಳೆಯನ ಮೆಸೇಜ್: ಗುಡಗಾಂವ್ ಶೋ ಇವತ್ತು ನಡೆಯಲಿಲ್ಲ, ನಾಳೆಗೆ ಮುಂದೂಡಿದ್ದಾರೆ. ಬೆಂಗಳೂರಿಗೆ ಮುಂಚೆ ದೆಹಲಿ ಪಕ್ಕದ ಗುಡಗಾಂವಿನಲ್ಲಿ ಅವರ ಕಾರ್ಯಕ್ರಮವಿತ್ತು. ವೇದಿಕೆಯ ಮುಂದಿನ ಬ್ಯಾರಿಕೇಡ್ ಸುರಕ್ಷಿತವಾಗಿಲ್ಲ ಎಂದು ನಿಲ್ಲಿಸಿದ್ದರು. ದಾವಣಗೆರೆ ಬರುವಷ್ಟರಲ್ಲಿ ಇನ್ನೊಂದು ಮೆಸೇಜ್: ಜನ ಸಿಟ್ಟಿಗೆದ್ದು ಬ್ಯಾರಿಕೇಡ್ ಮುರಿದು ವೇದಿಕೆಗೆ ನುಗ್ಗಿದ್ದಾರೆ, ಸಾಮಾನು ಒಡೆದಿದ್ದಾರೆ.

ಅವತ್ತು ಅಕ್ಟೋಬರ್ 28. 1981ರಲ್ಲಿ ಇದೇ ದಿನ ಬ್ಯಾಂಡ್ ಶುರುವಾದದ್ದು. ಲಾಸ್ ಏಂಜಲೀಸ್‌ನಲ್ಲಿ ಲಾರ್ಸ್ ಉಲ್ರಿಕ್ ಎಂಬ ಹುಡುಗ ಜೊತೆಗೆ ನುಡಿಸುವವರು ಬೇಕು ಎಂದು ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದ. ಅದನ್ನು ನೋಡಿ ಬಂದವನು ಜೇಮ್ಸ್ ಹೆಟ್‌ಫೀಲ್ಡ್. ಸರಿಯಾಗಿ 30 ವರ್ಷ ತುಂಬಿದ ದಿನ ಇಂಥದ್ದು ನಡೆಯಬೇಕೇ? ಅರಸೀಕೆರೆ ದಾಟುವವರೆಗೂ ನನಗೆ ನಿದ್ದೆ ಬರಲಿಲ್ಲ.

ಶನಿವಾರ, 29 ಅಕ್ಟೋಬರ್

ಬೆಳಿಗ್ಗೆ ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಪೇಪರ್ ಕೊಂಡೆ. ಮಲ್ಲೇಶ್ವರದಲ್ಲಿ ಗೆಳೆಯನ ರೂಮು. ಅವನೂ ರಾತ್ರಿ ಮಲಗಿರಲಿಲ್ಲ. ಇಡ್ಲಿ ತಿನ್ನುವಾಗಲೂ ಇಬ್ಬರಿಗೂ ಒಂದೇ ಮಾತು. ಅಲ್ಲಿ ಆಗದ್ದು ಇಲ್ಲಿ ಆಗುತ್ತದಾ? ಗುಡಗಾಂವ್ ಶೋ ಪೂರ್ತಿ ರದ್ದಾಗಿದೆ ಎಂಬ ಸುದ್ದಿಯೂ ಬಂತು. ಸುಮ್ನೆ ಕೂತು ಚಿಂತೆ ಮಾಡುವ ಬದಲು ಹೋಗಿ ಕಣ್ಣಾರೆ ನೋಡೋಣ ಎಂದು ಅರಮನೆ ಮೈದಾನಕ್ಕೆ ಹೊರಟೆವು.

ಈ ಮೈದಾನದ ಬಗ್ಗೆ ಒಂದು ಮಾತು. ಮದುವೆಗೆ, ವಸ್ತುಪ್ರದರ್ಶನಕ್ಕೆ ಬಂದವರಿಗೆ ಇದು ಬರೀ ದೊಡ್ಡ ಬಯಲು. ನಮ್ಮಂಥವರಿಗೆ ಹಾಗಲ್ಲ. 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್ ಇಲ್ಲಿ ನುಡಿಸಿದರು. ಆಗ ನನಗೆ ಪರೀಕ್ಷೆ. ಹೋಗಲು ಆಗಲಿಲ್ಲ, ಮರುದಿನ ಪೇಪರಿನಲ್ಲಿ ಫೋಟೋ ನೋಡಿ ಹೊಟ್ಟೆ ಉರಿದುಕೊಂಡೆ. 2008ರಲ್ಲಿ ಮೆಗಾಡೆತ್ ಬಂದಿತ್ತು, 2010ರಲ್ಲಿ ಲ್ಯಾಂಬ್ ಆಫ್ ಗಾಡ್. ದೇಶದ ಮೆಟಲ್ ಕೇಳುಗರು ರೈಲು, ಬಸ್ಸು ಹತ್ತಿ ಬರುವುದು ಈ ಮೈದಾನಕ್ಕೇ. ಬೆಂಗಳೂರಿನಲ್ಲಿ ಇದಕ್ಕೆ ತಕ್ಕ ನೆಲವೂ ಇದೆ. ಕ್ರಿಪ್ಟೋಸ್‌ನಂಥ ಬ್ಯಾಂಡ್ 1998ರಿಂದ ಇಲ್ಲೇ ಬೆಳೆದದ್ದು.

ಗೇಟಿನ ಹೊರಗೆ ಲಾರಿಗಳು ಸಾಲಾಗಿ ನಿಂತಿದ್ದವು. ಮರಗಳ ಸಂದಿನಿಂದ ಕಬ್ಬಿಣದ ಕಂಬಗಳು ಕಾಣುತ್ತಿದ್ದವು. ಸುತ್ತಿಗೆ ಸದ್ದು ಕೇಳುತ್ತಿತ್ತು. ನಮ್ಮ ಹಾಗೆ ಇನ್ನೂ ಹದಿನೈದು ಇಪ್ಪತ್ತು ಜನ ನಿಂತು ಇಣುಕುತ್ತಿದ್ದರು. ಕೊಚ್ಚಿಯಿಂದ ಬಂದ ಮೂವರು, ಶಿಲ್ಲಾಂಗಿನಿಂದ ಎರಡು ರಾತ್ರಿ ರೈಲಿನಲ್ಲಿ ಕೂತು ಬಂದ ಒಬ್ಬ ಹುಡುಗ. ಅವನ ಕೈಯಲ್ಲಿ ಬ್ಯಾಗೂ ಇರಲಿಲ್ಲ, ಒಂದು ಪಾಲಿಥಿನ್ ಚೀಲ ಮಾತ್ರ. ಕಾವಲಿನವನನ್ನು ಎಲ್ಲರೂ ಕೇಳಿದ್ದನ್ನೇ ಕೇಳುತ್ತಿದ್ದೆವು. ಅವನು ಕೊನೆಗೆ, "ನಾಳೆ ಐತೆ ಕಣ್ರಪ್ಪಾ. ಸ್ಟೇಜು ಎದ್ದೈತೆ, ನಾನೇ ನೋಡಿವ್ನಿ. ಹೋಗಿ ಊಟ ಮಾಡ್ರಿ" ಎಂದ. ಯಾವ ಪೇಪರಿಗಿಂತ ಆ ಮಾತೇ ನನಗೆ ಧೈರ್ಯ ಕೊಟ್ಟಿತು.

ಮಧ್ಯಾಹ್ನ ಎಂ.ಜಿ. ರಸ್ತೆಗೆ ಹೋಗಿ ಮೆಟ್ರೋ ಹತ್ತಿದೆವು. ಶುರುವಾಗಿ ಒಂಬತ್ತೇ ದಿನ ಆಗಿತ್ತು. ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ, ಒಟ್ಟು ಆರು ಸ್ಟೇಷನ್. ಎಲ್ಲಿಗೂ ಹೋಗುವ ಕೆಲಸವಿಲ್ಲದವರೇ ಜಾಸ್ತಿ. ಅಜ್ಜಿಯಂದಿರು, ಮಕ್ಕಳು, ಹಬ್ಬದ ಹೊಸ ಬಟ್ಟೆ. ಹಲಸೂರಿನ ಮೇಲೆ ಹೋಗುವಾಗ ಮಗುವೊಂದು ಕಿಟಕಿಗೆ ಹಣೆ ಒತ್ತಿ ಕೂಗುತ್ತಿತ್ತು. ಇಡೀ ಡಬ್ಬಿಯಲ್ಲಿ ಮೊದಲ ಸಲದ ಖುಷಿ ತುಂಬಿತ್ತು.

ಸಂಜೆ ಬ್ರಿಗೇಡ್ ರಸ್ತೆಯಲ್ಲಿ ದೆಹಲಿಯ ಹುಡುಗನೊಬ್ಬ ಸಿಕ್ಕ. ನನ್ನ ಟೀ ಶರ್ಟ್ ನೋಡಿ ಅವನೇ ಮಾತನಾಡಿಸಿದ. ಗುಡಗಾಂವಿನ ಮೈದಾನದಲ್ಲಿ ಶುಕ್ರವಾರ ಗಂಟೆಗಟ್ಟಲೆ ಕಾದಿದ್ದನಂತೆ. ರದ್ದಾಗಿದೆ ಎಂದು ಗೊತ್ತಾದ ಕೂಡಲೇ ಸಿಕ್ಕ ವಿಮಾನ ಹತ್ತಿದ್ದಾನೆ. ಬೆಂಗಳೂರಿನ ಟಿಕೆಟ್ ಅವನ ಹತ್ತಿರ ಇರಲಿಲ್ಲ. "ಹೊರಗೆ ರಸ್ತೆಯಲ್ಲಿ ನಿಂತಾದರೂ ಕೇಳುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದ. ನನ್ನ ಗೆಳೆಯ ಫೋನ್ ಹಿಡಿದು ಗೊತ್ತಿದ್ದವರಿಗೆಲ್ಲ ಕರೆ ಮಾಡಿದ. ರಾತ್ರಿ ಒಂಬತ್ತರ ಹೊತ್ತಿಗೆ ಜಯನಗರದಲ್ಲಿ ಒಂದು ಟಿಕೆಟ್ ಸಿಕ್ಕಿತು, ಕೊಂಡ ಬೆಲೆಗೇ. ಅವನು ಆ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಮ್ಮನ ಕರ್ಜಿಕಾಯಿಯಲ್ಲಿ ಅರ್ಧ ಅವನಿಗೆ ಕೊಟ್ಟೆವು.

ಭಾನುವಾರ, 30 ಅಕ್ಟೋಬರ್

ಅವತ್ತು ದೇಶದ ಟಿವಿಗಳೆಲ್ಲ ಗ್ರೇಟರ್ ನೋಯ್ಡಾದ ಕಡೆ ತಿರುಗಿದ್ದವು. ಭಾರತದ ಮೊದಲ ಫಾರ್ಮುಲಾ ಒನ್ ರೇಸು ಅವತ್ತೇ. ನಾವು ಬೆಳಿಗ್ಗೆಯೇ ಅವಲಕ್ಕಿ ತಿಂದು ಕ್ಯೂಗೆ ಹೋದೆವು.

ಕ್ಯೂ ಎಂದರೆ ಮೈದಾನದ ಗೋಡೆಯುದ್ದಕ್ಕೂ ಕಪ್ಪು ಟೀ ಶರ್ಟುಗಳ ಸಾಲು. ನಾನು ಎಣಿಸುವುದನ್ನು ಬೇಗ ಬಿಟ್ಟೆ. ಹುಬ್ಬಳ್ಳಿಯಲ್ಲಿ ಈ ಟೀ ಶರ್ಟ್ ಹಾಕಿಕೊಂಡರೆ ಜನ ಇದೇನು ಎಂದು ಕೇಳುತ್ತಿದ್ದರು. ಇಲ್ಲಿ ಯಾರೂ ಕೇಳುವ ಹಾಗೇ ಇರಲಿಲ್ಲ. ಸಾಲಿನಲ್ಲಿ ಯಾರೋ ಒಂದು ರಿಫನ್ನು, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ಸಾಲನ್ನು, ಬಾಯಲ್ಲೇ ನುಡಿಸಿದರು. ಹತ್ತು ಮಾರು ಹಿಂದಿನಿಂದ ಇನ್ಯಾರೋ ಡ್ರಮ್ಮಿನ ಭಾಗ ತುಂಬಿದರು. ನಾನು ಗಿಟಾರಿನ ಎರಡನೇ ಸಾಲು ಹಿಡಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಜೋರಾಗಿ.

ಒಳಗೆ ಹೋಗುವಾಗ ನೀರಿನ ಬಾಟಲಿ, ಬೆಲ್ಟು, ಚಿಲ್ಲರೆ ಎಲ್ಲ ತೆಗೆಸಿದರು. ಮೈದಾನ ಕೆಸರಾಗಿತ್ತು. ಶೂ ಹೂತು ಹೋಗುತ್ತಿತ್ತು, ಎತ್ತಿದರೆ ಪಚಕ್ ಎನ್ನುತ್ತಿತ್ತು. ಯಾರಿಗೂ ಅದರ ಗಮನವಿರಲಿಲ್ಲ. ಬೆಂಗಳೂರಿನದೇ ಇನ್ನರ್ ಸ್ಯಾಂಕ್ಟಮ್ ಮೊದಲು ನುಡಿಸಿತು. ನಮ್ಮ ಊರಿನ ಹುಡುಗರು ಮೆಟಾಲಿಕಾದ ವೇದಿಕೆ ಮೇಲೆ! ಅವರಿಗೆ ಸಿಕ್ಕ ಚಪ್ಪಾಳೆಯಲ್ಲಿ ಆ ಹೆಮ್ಮೆ ಇತ್ತು. ಆಮೇಲೆ ಸ್ಕಾಟ್ಲೆಂಡಿನ ಬಿಫಿ ಕ್ಲೈರೋ ಬಂದರು. ಅವರು ಚೆನ್ನಾಗಿಯೇ ನುಡಿಸಿದರು, ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ.

ನನ್ನ ಪಕ್ಕದಲ್ಲಿ ಐವತ್ತರ ಹತ್ತಿರದ ಒಬ್ಬರಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಸವನಗುಡಿಯವರು, ಕನ್ನಡದಲ್ಲೇ ಮಾತಿಗಿಳಿದರು. 1986ರಲ್ಲಿ ಯಾರದೋ ಕ್ಯಾಸೆಟ್ಟಿನಿಂದ ಕಾಪಿ ಮಾಡಿಸಿಕೊಂಡು ಕೇಳಲು ಶುರು ಮಾಡಿದ್ದರಂತೆ. "ಇಪ್ಪತ್ತೈದು ವರ್ಷ ಆಯ್ತು, ಇವರು ಬರ್ತಾರೆ ಅಂತ ಅಂದ್ಕೊಂಡೇ ಇರ್ಲಿಲ್ಲ" ಎಂದರು. ಮೆಟಾಲಿಕಾದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ ತೀರಿಕೊಂಡದ್ದು ಅದೇ ವರ್ಷ, ಸೆಪ್ಟೆಂಬರ್ 27ರಂದು. ಸ್ವೀಡನ್ನಿನಲ್ಲಿ ಬ್ಯಾಂಡಿನ ಬಸ್ಸು ಮಗುಚಿತ್ತು. ಅವನಿಗೆ ಇನ್ನೂ 24 ವರ್ಷ. ಆ ಸುದ್ದಿ ಬೆಂಗಳೂರಿನಲ್ಲಿ ಇವರಿಗೆ ತಲುಪಿದ್ದು ತಿಂಗಳುಗಳ ನಂತರ, ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ. ನನಗಾದರೆ ಹಾಡು, ಸುದ್ದಿ ಎಲ್ಲ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಇವರು ಏನೂ ಸಿಗದ ಕಾಲದಲ್ಲಿ ಹುಡುಕಿಕೊಂಡು ಕೇಳಿದವರು. ಅವರ ಪಕ್ಕ ನಿಂತದ್ದೇ ನನಗೆ ಒಂದು ಗೌರವ ಅನ್ನಿಸಿತು.

ಕತ್ತಲಾಯಿತು. ವೇದಿಕೆಯ ದೀಪ ಆರಿತು. ಪರದೆಯ ಮೇಲೆ ಹಳೆಯ ಸಿನಿಮಾದ ತುಣುಕು ಬಂತು. ಸ್ಮಶಾನದಲ್ಲಿ ಗೋರಿಗಳ ನಡುವೆ ಒಬ್ಬ ಓಡುತ್ತಿದ್ದಾನೆ. ಅದರ ಜೊತೆಗೆ ಎನಿಯೋ ಮೊರಿಕೋನೆಯ ಸಂಗೀತ. 1983ರಿಂದ ಈ ಬ್ಯಾಂಡ್ ವೇದಿಕೆಗೆ ಬರುವುದು ಈ ಸಂಗೀತದ ಮೇಲೆಯೇ. ಕಂಪ್ಯೂಟರಿನಲ್ಲಿ ನೂರಾರು ಸಲ ನೋಡಿದ್ದೆ. ಈಗ ಆ ರಾಗಕ್ಕೆ ಹತ್ತಾರು ಸಾವಿರ ಜನ ದನಿ ಸೇರಿಸುತ್ತಿದ್ದಾರೆ. ಮಾತಿಲ್ಲ, ಬರೀ 'ಓ' ಎನ್ನುವ ದನಿ. ನನ್ನ ಗಂಟಲು ಕಟ್ಟಿತು. ಅವರು ಇನ್ನೂ ವೇದಿಕೆಗೇ ಬಂದಿಲ್ಲ, ನಾನು ಆಗಲೇ ಅಳುತ್ತಿದ್ದೆ.

'ಕ್ರೀಪಿಂಗ್ ಡೆತ್' ಶುರುವಾಯಿತು. ಮೊದಲ ಪೆಟ್ಟು ಬಿದ್ದದ್ದು ಕಿವಿಗಲ್ಲ, ಎದೆಗೆ. ಲಾರ್ಸ್ ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮಿನ ಒಂದೊಂದು ಏಟೂ ಪಕ್ಕೆಲುಬಿನೊಳಗೆ ತಾಗುತ್ತಿತ್ತು. ಹೆಡ್‌ಫೋನಿನಲ್ಲಿ ಇದು ಎಲ್ಲಿತ್ತು? ಸಿಡಿಯಲ್ಲಿ ಇದೇ ಹಾಡು ಇದೆ, ಇದೇ ಸ್ವರಗಳಿವೆ. ಈ ಗಾಳಿ ಇಲ್ಲ.

'ಫಾರ್ ಹೂಮ್ ದ ಬೆಲ್ ಟೋಲ್ಸ್' ಬಂದಾಗ ಈಗ ಬಾಸ್ ನುಡಿಸುವ ರಾಬರ್ಟ್ ಟ್ರುಹಿಯೊ ಅದನ್ನು ಮೊಣಕಾಲಿನ ತನಕ ಇಳಿಸಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತಾ ಬಂದ. ಶುರುವಿನ ಆ ಸಾಲು ಗಿಟಾರಿನ ಹಾಗೆ ಕೇಳಿಸುತ್ತದೆ, ಆದರೆ ಅದು ಬಾಸ್. ಕ್ಲಿಫ್ ಮಾಡಿದ್ದು. ಪಕ್ಕದ ಹಿರಿಯರು ಕಣ್ಣು ಮುಚ್ಚಿಕೊಂಡು ತಲೆ ತೂಗುತ್ತಿದ್ದರು.

ನಾನು ಸ್ವಲ್ಪ ಗಿಟಾರ್ ನುಡಿಸುತ್ತೇನೆ. ಹಾಗಾಗಿ ಅವತ್ತು ನನ್ನ ಕಣ್ಣು ಹೆಚ್ಚಾಗಿ ಪರದೆಯ ಮೇಲೆ ಜೇಮ್ಸ್ ಬಲಗೈ ಕಂಡಾಗಲೆಲ್ಲ ಅಲ್ಲೇ ನಿಲ್ಲುತ್ತಿತ್ತು. ಬೇಗ ನುಡಿಸಬೇಕಾದಾಗ ಯಾರಾದರೂ ತಂತಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಎರಡೂ ಕಡೆ ಹೊಡೆಯುತ್ತಾರೆ. ಕೈಗೆ ಅದೇ ಸುಲಭ. ಜೇಮ್ಸ್ ಹಾಗಲ್ಲ. 'ಮಾಸ್ಟರ್ ಆಫ್ ಪಪೆಟ್ಸ್' ನಿಮಿಷಕ್ಕೆ 200 ಬೀಟಿಗೂ ಜಾಸ್ತಿ ವೇಗದ ಹಾಡು. ಅದರ ರಿಫನ್ನು ಅವನು ಮೇಲಿನಿಂದ ಕೆಳಕ್ಕೇ ಹೊಡೆಯುತ್ತಾನೆ. ಅದರಿಂದಲೇ ಒಂದೊಂದು ಸ್ವರಕ್ಕೂ ಅಷ್ಟು ತೂಕ. ಮನೆಯಲ್ಲಿ ನಾನು ಹಾಗೆ ಪ್ರಯತ್ನಿಸಿದರೆ ಅರ್ಧ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಅವನು ಅದೇ ಹೊತ್ತಿಗೆ ಹಾಡುತ್ತಲೂ ಇದ್ದ. ಆ ಕೈ ಹಿಂದೆ ಎಷ್ಟು ವರ್ಷದ ಸಾಧನೆ ಇರಬೇಕು, ಅಲ್ವಾ?

ಮುಂದೆ ಜನ ಗುಂಡಗೆ ಜಾಗ ಬಿಟ್ಟು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಸುತ್ತುತ್ತಿದ್ದರು. ಹೊರಗಿನವರಿಗೆ ಜಗಳದ ಹಾಗೆ ಕಾಣುತ್ತದೆ. ನಾನು ಕಂಡದ್ದು ಬೇರೆ. ಒಬ್ಬ ಕೆಸರಿನಲ್ಲಿ ಜಾರಿ ಬಿದ್ದ. ಬಿದ್ದ ಕ್ಷಣವೇ ನಾಲ್ಕು ಕೈ ಬಂದವು, ಎತ್ತಿ ನಿಲ್ಲಿಸಿದವು. ಒಬ್ಬ ಅವನ ಕಳಚಿದ ಶೂ ಹುಡುಕಿ ಕೊಟ್ಟ. ಎತ್ತಿದವರಲ್ಲಿ ಶಿಲ್ಲಾಂಗಿನ ಆ ಹುಡುಗನೂ ಇದ್ದ.

'ಒನ್' ಹಾಡಿಗೆ ಮೊದಲು ಯುದ್ಧದ ಸದ್ದು, ಕತ್ತಲು. ಆಮೇಲೆ ವೇದಿಕೆಯಿಂದ ಬೆಂಕಿ ಎದ್ದಿತು. ಅಷ್ಟು ದೂರದಲ್ಲಿದ್ದರೂ ಮುಖಕ್ಕೆ ಬಿಸಿ ತಾಗಿತು.

'ನಥಿಂಗ್ ಎಲ್ಸ್ ಮ್ಯಾಟರ್ಸ್' ನನ್ನ ಕಪ್ಪು ಕ್ಯಾಸೆಟ್ಟಿನ ಹಾಡು. ಶುರುವಿನಲ್ಲಿ ಎಡಗೈ ಕೆಲಸವೇ ಇಲ್ಲ, ಬರೀ ತೆರೆದ ತಂತಿಗಳು. ಜೇಮ್ಸ್ ಒಂದು ಕೈಯಲ್ಲಿ ಫೋನ್ ಹಿಡಿದು ಗೆಳತಿಯ ಜೊತೆ ಮಾತನಾಡುತ್ತಿದ್ದ. ಇನ್ನೊಂದು ಕೈ ಸುಮ್ನೆ ತಂತಿ ಮೀಟುತ್ತಿತ್ತು. ಹಾಡು ಹುಟ್ಟಿದ್ದು ಹಾಗೆ. ನಾನು ಗಿಟಾರಿನಲ್ಲಿ ಕಲಿತ ಮೊದಲ ಸ್ವರಗಳೂ ಇವೇ. ಜೇಮ್ಸ್ ಮೊದಲ ಸ್ವರ ಮೀಟಿದ ಕೂಡಲೇ ಮೈದಾನ ತುಂಬ ಫೋನುಗಳ ಬೆಳಕು ಎದ್ದಿತು. ಇಷ್ಟು ಹೊತ್ತು ಕೂಗುತ್ತಿದ್ದ ಜನ ಮೆಲ್ಲಗೆ ಹಾಡತೊಡಗಿದರು. ಒಂದು ಸಾಲೂ ತಪ್ಪಲಿಲ್ಲ. ದೆಹಲಿಯ ಹುಡುಗ ನನ್ನ ಹೆಗಲ ಮೇಲೆ ಕೈ ಹಾಕಿದ್ದ. ಬಸವನಗುಡಿಯ ಹಿರಿಯರು ಕನ್ನಡಕ ತೆಗೆದು ಶರ್ಟಿಗೆ ಒರೆಸಿಕೊಳ್ಳುತ್ತಿದ್ದರು. ಇಷ್ಟೂ ಜನ ನನ್ನ ಹಾಗೆಯೇ ಎಲ್ಲೋ ಒಂದು ಊರಿನಲ್ಲಿ, ಒಂದು ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ಇದನ್ನು ಬಾಯಿಪಾಠ ಮಾಡಿದ್ದಾರೆ. ನಾನು ಒಬ್ಬನೇ ಕೇಳುತ್ತಿದ್ದೇನೆ ಎಂದುಕೊಂಡ ಅಷ್ಟೂ ರಾತ್ರಿ ಇವರೂ ಕೇಳುತ್ತಿದ್ದರು.

ಕೊನೆಯ ಹಾಡು 'ಸೀಕ್ ಆಂಡ್ ಡೆಸ್ಟ್ರಾಯ್'. ಮುಗಿದ ಮೇಲೂ ನಾಲ್ವರೂ ಬೇಗ ಹೋಗಲಿಲ್ಲ. ವೇದಿಕೆಯ ಅಂಚಿಗೆ ಬಂದು ತಂತಿ ಮೀಟುವ ಪಿಕ್ಕುಗಳನ್ನು ಜನರತ್ತ ಎಸೆದರು. ನನಗೇನೂ ಸಿಗಲಿಲ್ಲ. ಬೇಕು ಅಂತಲೂ ಅನ್ನಿಸಲಿಲ್ಲ.

ಆಟೋ ಸಿಗಲಿಲ್ಲ. ಸದಾಶಿವನಗರ, ಸ್ಯಾಂಕಿ ಕೆರೆ ದಾಟಿ ಮಲ್ಲೇಶ್ವರಕ್ಕೆ ನಡೆದೇ ಬಂದೆವು. ರಸ್ತೆ ತುಂಬ ಕೆಸರಿನ ಕಾಲಿನವರು. ಕೆರೆಯ ಪಕ್ಕ ತಣ್ಣನೆ ಗಾಳಿ ಬೀಸುತ್ತಿತ್ತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಯಾರೂ ಮಾತನಾಡಲಿಲ್ಲ.

ಸೋಮವಾರ, 31 ಅಕ್ಟೋಬರ್

ಬೆಳಿಗ್ಗೆ ಆರರ ಜನಶತಾಬ್ದಿ. ಮಲಗಿದ್ದು ಎರಡು ಗಂಟೆ ಇರಬಹುದು. ದೆಹಲಿಯ ಹುಡುಗ ಸ್ಟೇಷನ್ನಿಗೆ ಬಂದು ಕಳಿಸಿಕೊಟ್ಟ. ತುಮಕೂರು, ತೆಂಗಿನ ತೋಟ, ಅರಸೀಕೆರೆ, ಎಲ್ಲ ಅರೆನಿದ್ದೆಯಲ್ಲಿ ಹೋದವು. ಎದುರಿನ ಸೀಟಿನ ಅಜ್ಜ ನನ್ನ ಶೂ ನೋಡಿ, "ಗದ್ದೆ ಕೆಲಸಕ್ಕೆ ಹೋಗಿದ್ರಾ?" ಎಂದು ಕೇಳಿದರು. ಉತ್ತರ ಹೇಳಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಹೂಂ ಎಂದು ತಲೆ ಆಡಿಸಿದೆ.

ಮಧ್ಯಾಹ್ನ ಕುಂದಗೋಳ ಈ ಸಲ ಬೆಳಕಿನಲ್ಲಿ ಕಂಡಿತು.

ಮಂಗಳವಾರ, 1 ನವೆಂಬರ್

ರಾಜ್ಯೋತ್ಸವ. ಅಪ್ಪನಿಗೆ ರಜೆ. ಓಣಿಯ ತುದಿಯಲ್ಲಿ ಧ್ವಜ ಏರಿಸಿ ಬಂದವರು ಕಟ್ಟೆಯ ಮೇಲೆ ಕೂತು, "ಈಗ ಹೇಳು, ಹೆಂಗಿತ್ತು?" ಎಂದರು. ದನಿ ಅರ್ಧ ಬಂದಿತ್ತು. ಒಡಕು ದನಿಯಲ್ಲೇ ಎಲ್ಲ ಹೇಳಿದೆ. ಡ್ರಮ್ಮಿನ ಏಟು ಎದೆಗೆ ತಾಗಿದ್ದು, ಎಲ್ಲರೂ ಒಟ್ಟಿಗೆ ಹಾಡಿದ್ದು, ಬೆಳ್ಳಗಿನ ತಲೆಯ ಹಿರಿಯರು. ಅಪ್ಪ ನಡುವೆ ಮಾತನಾಡಲೇ ಇಲ್ಲ. ಆಮೇಲೆ, "ಒಂದು ಹಾಡು ಹಾಕು" ಎಂದರು.

ಒಂಬತ್ತು ವರ್ಷದಲ್ಲಿ ಅವರು ಹಾಗೆ ಕೇಳಿದ್ದು ಅದೇ ಮೊದಲು. ಒಳಗಿನಿಂದ ಸ್ಪೀಕರ್ ತಂದು ಕಟ್ಟೆಯ ಮೇಲಿಟ್ಟು 'ಫೇಡ್ ಟು ಬ್ಲ್ಯಾಕ್' ಹಾಕಿದೆ. ಅದು ನಿಧಾನ ಶುರುವಾಗುತ್ತದೆ, ಆಮೇಲೆ ಏರುತ್ತದೆ. ಕೊನೆಯಲ್ಲಿ ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್‌ನ ಉದ್ದನೆಯ ಸೋಲೋ. ಅಪ್ಪ ತೊಡೆಯ ಮೇಲೆ ಬೆರಳಿಟ್ಟುಕೊಂಡು ತಾಳ ಹುಡುಕುತ್ತಿದ್ದರು. ಸೋಲೋ ಬಂದಾಗ ಬೆರಳು ನಿಂತಿತು. ತಲೆ ಸ್ವಲ್ಪ ಬಾಗಿತು, ಕುಂದಗೋಳದ ಮಾತು ಹೇಳುವಾಗ ಬಾಗುವ ಹಾಗೆ.

ಹಾಡು ಮುಗಿಯಿತು.

"ಈ ಗಿಟಾರ್ ನುಡಿಸಿದಾಂವ ಯಾರ ಕಡೆ ಕಲತಾನ?"

ಜೋ ಸಾಟ್ರಿಯಾನಿ ಎಂದು ಒಬ್ಬರಿದ್ದಾರೆ, ಕ್ಯಾಲಿಫೋರ್ನಿಯಾದಲ್ಲಿ, ದೊಡ್ಡ ಗಿಟಾರ್ ವಾದಕರು ಎಂದೆ. ಬ್ಯಾಂಡ್ ಸೇರಿದ ಮೇಲೂ ಕರ್ಕ್ ಅವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದ ಎಂದೂ ಹೇಳಿದೆ.

"ಗುರು ಅದಾನಲಾ, ಹಂಗಾದ್ರ" ಎಂದರು ಅಪ್ಪ. ಸ್ಪೀಕರನ್ನು ತಮ್ಮ ಕಡೆ ಸ್ವಲ್ಪ ತಿರುಗಿಸಿಕೊಂಡರು.

"ಕಡೀದು ಇನ್ನೊಮ್ಮೆ ಹಾಕು."